ನೀಲಿ ದಾರದ ಗಂಟು

ಬೀದಿಯವರು ಅತ್ತೆಗೆ ಇಟ್ಟಿದ್ದ ಹೆಸರು ಕಲೆ ಡಾಕ್ಟ್ರು. ಮುಂದೆ ಲಾಂಡ್ರಿ, ಹಿಂದೆ ಮನೆ, ನಡುವೆ ಒಂದು ಪರದೆ. ಬೆಳಗ್ಗೆ ಎಂಟಕ್ಕೆ ಅಂಗಡಿ ತೆಗೆದರೆ ಶಾಯಿ ಚೆಲ್ಲಿದ ಅಂಗಿ, ಗ್ರೀಸು ಮೆತ್ತಿದ ಪ್ಯಾಂಟು, ತುಕ್ಕು ಹಿಡಿದ ದಿಂಬಿನ ಚೀಲ ತೆಗೆದುಕೊಂಡು ಜನ ಬಂದು ನಿಲ್ಲುತ್ತಿದ್ದರು. ಅತ್ತೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಉಗುರಿನಿಂದ ಒಮ್ಮೆ ಕೆರೆದು, "ಇದು ಚಹಾ ಅಲ್ಲ, ಕಾಫಿ. ನಿನ್ನೆದೂ ಅಲ್ಲ, ಹೋದ ವಾರದ್ದು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರೆ ತಂದವರು ಕದ್ದು ಸಿಕ್ಕಿಬಿದ್ದವರಂತೆ ತಲೆ ಕೆರೆದುಕೊಳ್ಳುತ್ತಿದ್ದರು.

ಹಿಂದಿನ ಕೋಣೆಯ ಬಾಯ್ಲರು, ಒಗೆಯುವ ಯಂತ್ರ ಮಾವನ ಪಾಲಿನವು. ನಲವತ್ತು ವರ್ಷ ಆ ಗದ್ದಲದಲ್ಲಿ ನಿಂತು ಮಾವನ ಕಿವಿ ಮುಕ್ಕಾಲು ಹೋಗಿತ್ತು. ಕೂಗಿ ಕೂಗಿ ಗಂಟಲು ನೋಯಿಸಿಕೊಂಡ ಅತ್ತೆ ಒಂದು ಉಪಾಯ ಕಂಡುಕೊಂಡಿದ್ದರು: ಬಟ್ಟೆಯ ಮೂಲೆಗೆ ದಾರ. ಹಳದಿ ದಾರ ಕಟ್ಟಿದ್ದರೆ ಎಣ್ಣೆ, ಬಿಳಿಯದಾದರೆ ತುಕ್ಕು, ನೀಲಿ ಎಂದರೆ ರಕ್ತ. ನೀಲಿ ಗಂಟಿರುವ ಬಟ್ಟೆಯನ್ನು ಮಾವ ಬಿಸಿನೀರಿನ ಹತ್ತಿರಕ್ಕೂ ಒಯ್ಯುತ್ತಿರಲಿಲ್ಲ. ತಣ್ಣೀರು, ಉಪ್ಪು, ಅಷ್ಟೇ. ಬಿಸಿ ತಗುಲಿತೋ, ರಕ್ತ ಎಳೆಯೊಳಗೆ ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ. ಅತ್ತೆಯ ಎಡಗೈ ಮಣಿಕಟ್ಟಿಗೆ ಮೂರು ಬಣ್ಣದ ದಾರ ಸದಾ ಸುತ್ತಿರುತ್ತಿತ್ತು. ಕಣ್ಣು ಎಲ್ಲೋ ಇದ್ದು, ಬಾಯಿ ಯಾರನ್ನೋ ಬೈಯುತ್ತಿದ್ದರೂ ಬೆರಳುಗಳು ತಾವಾಗಿ ಗಂಟು ಹಾಕಿ ಮುಗಿಸುತ್ತಿದ್ದವು.

ಸೊಸೆಯದು ಇಸ್ತ್ರಿ ಮೇಜು. ಅವಳ ಗಂಡ ಮೂರು ಚಕ್ರದ ಗಾಡಿಯಲ್ಲಿ ಮನೆಮನೆಯಿಂದ ಬಟ್ಟೆ ತಂದು, ಮತ್ತೆ ಮುಟ್ಟಿಸಿ ಬರುತ್ತಿದ್ದ. ನಾದಿನಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎಲ್ಲರೂ ದುಡಿಯುವ ಆ ಮನೆಯಲ್ಲಿ ಒಂಬತ್ತು ತಿಂಗಳ ಪುಟ್ಟಿ ಹಗಲೆಲ್ಲ ಅಜ್ಜಿಯ ಸೊಂಟದ ಮೇಲಿರುತ್ತಿತ್ತು.

ಹಿಂದಿನ ವಾರ ನೆಗಡಿಯಾಗಿ ಗುಣವಾಗಿದ್ದ ಮಗು, ಆ ಮಂಗಳವಾರ ಬೆಳಗ್ಗೆ ಇದ್ದಕ್ಕಿದ್ದಂತೆ ಕಿರುಚಿತು. ಮಂಡಿ ಎರಡೂ ಹೊಟ್ಟೆಗೆ ಮಡಚಿಕೊಂಡು, ಮುಖ ಸುಣ್ಣದಂತೆ ಬೆಳ್ಳಗೆ ಮಾಡಿಕೊಂಡು ಕಿರುಚಿತು. ಎರಡು ಮೂರು ನಿಮಿಷ. ಆಮೇಲೆ ಏನೂ ಆಗಿಲ್ಲವೆಂಬಂತೆ ಚಮಚ ಹಿಡಿದು ತಟ್ಟೆ ಬಡಿಯತೊಡಗಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ.

"ಹಲ್ಲು," ಎಂದರು ಅತ್ತೆ.

"ಹಲ್ಲಿಗೆ ಯಾರಾದ್ರೂ ಕಾಲು ಮಡಚ್ತಾರಾ ಅತ್ತೆ? ಡಾಕ್ಟ್ರಿಗೆ ತೋರಿಸಿಬಿಡೋಣ."

"ಮಗು ಸೀನಿದ್ರೆ ಡಾಕ್ಟ್ರು, ಆಕಳಿಸಿದ್ರೆ ಡಾಕ್ಟ್ರು. ಎರಡು ಹೆತ್ತು ಆಳೆತ್ತರ ಬೆಳೆಸಿದೀನಿ ನಾನು. ನೀನು ಪುಸ್ತಕ ಓದಿ ಒಂದು ಹೆತ್ತಿದೀಯ. ಹೋಗು, ಹೋಟೆಲಿನವರ ಬೆಡ್‌ಶೀಟು ಸಂಜೆಗೆ ಕೊಡಬೇಕು."

ಸೊಸೆ ಹೋದಳು. ಆಮೇಲೆ ಎಷ್ಟೋ ದಿನ ಅವಳನ್ನು ಇರಿದದ್ದು ಇದೇ, ತಾನು ಹೋದದ್ದು.

ಬೆಳಗ್ಗೆಯೆಲ್ಲ ಪರದೆಯಾಚೆ ಅಳು ಏಳುತ್ತಿತ್ತು, ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಗು ಕುಡಿದ ಹಾಲನ್ನೆಲ್ಲ ಕಕ್ಕಿತೆಂದು ಗೊತ್ತಾಗಿ ಸೊಸೆ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಳು. ಅಷ್ಟರಲ್ಲಿ ಎರಡು ಗಂಟೆ. ಮಗುವನ್ನು ಎತ್ತಿಕೊಂಡು ಹೊರಡುವ ಮುಂಚೆ ಕೇಳಿದಳು, "ಅತ್ತೆ, ಕಕ್ಕ ಹೇಗೆ ಮಾಡಿದಾಳೆ?"

"ಮಾಮೂಲು," ಎಂದರು ಅತ್ತೆ. "ತೊಳೆದಾಯ್ತು."

ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಒಳ್ಳೆಯ ಮನುಷ್ಯ. ಸರದಿಯಲ್ಲಿ ಏಳು ಜನ ಇದ್ದರೂ ಮೊದಲು ಇವಳನ್ನು ಕರೆದರು. ಆಗ ಮಗು ಸುಸ್ತಾಗಿ ನಿದ್ದೆಹೋಗಿತ್ತು, ಹೊಟ್ಟೆ ಮೆತ್ತಗಿತ್ತು.

"ಮಲದಲ್ಲಿ ರಕ್ತ ಏನಾದ್ರೂ ಕಂಡ್ರಾ? ಕೆಂಪಗೆ, ಜೆಲ್ಲಿ ತರ?"

"ಇಲ್ಲ."

"ನೀವೇ ನೋಡಿದ್ರಾ?"

"ನಮ್ಮತ್ತೆ ನೋಡಿದಾರೆ. ಮಾಮೂಲಾಗಿದೆಯಂತೆ."

ಡಾಕ್ಟರು ಒಂದು ಕ್ಷಣ ಪೆನ್ನು ಎತ್ತಿ ಹಿಡಿದರು. ಆಮೇಲೆ ವಾಂತಿಗೆ ಹನಿ ಬರೆದುಕೊಟ್ಟು, ಸಂಜೆಯೊಳಗೆ ನಿಲ್ಲದಿದ್ದರೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ವಾಂತಿ ನಿಲ್ಲಲಿಲ್ಲ. ಆರರ ಹೊತ್ತಿಗೆ ಅದು ಹಸಿರಾಯಿತು. ಮಗುವಿಗೆ ಅಳಲೂ ಶಕ್ತಿ ಉಳಿದಿರಲಿಲ್ಲ.

ದೊಡ್ಡಾಸ್ಪತ್ರೆಯ ನರ್ಸು ಮಗುವಿನ ಮೈ ಮುಟ್ಟುವ ಮುಂಚೆ ತನ್ನ ಎರಡು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಅದನ್ನು ಸೊಸೆ ಮರೆಯಲಿಲ್ಲ. ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಕೈಗವಸು ಹಾಕಿದ ಬೆರಳಿನಿಂದ ಪರೀಕ್ಷೆ ಮಾಡಿದರು. ಬೆರಳು ಕೆಂಪಗಾಗಿ ಬಂತು.

"ಇದು ಯಾವಾಗಿನಿಂದ?"

"ಈಗಲೇ ನೋಡ್ತಿರೋದು," ಎಂದಳು ಸೊಸೆ.

ಡಾಕ್ಟರಮ್ಮ ತಮ್ಮ ಬಿಳಿ ಕೋಟಿನ ತೋಳನ್ನು ಹಿಡಿದು, ತುದಿಯನ್ನು ಅರ್ಧದವರೆಗೆ ಒಳಕ್ಕೆ ತಳ್ಳಿ ತೋರಿಸಿದರು. "ಕರುಳು ಹೀಗಾಗಿದೆ. ಒಂದು ಭಾಗ ಜಾರಿ ಮುಂದಿನ ಭಾಗದೊಳಗೆ ಹೋಗಿ ಸಿಕ್ಕಿಕೊಂಡಿದೆ. ಒಳಗೆ ಸಿಕ್ಕಿದ್ದಕ್ಕೆ ರಕ್ತ ಓಡಾಡ್ತಿಲ್ಲ. ಕೆಳಗಿನಿಂದ ಗಾಳಿ ಊದಿ ಹಿಂದಕ್ಕೆ ತಳ್ಳಕ್ಕೆ ನೋಡ್ತೀವಿ. ಬರದಿದ್ರೆ ಹೊಟ್ಟೆ ತೆರೀಬೇಕು."

ದಿನಕ್ಕೆ ನೂರು ಅಂಗಿಯ ತೋಳು ತಿರುವಿ ಹಾಕುವವಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಒದ್ದೆಯಾಗಿ ಸಿಕ್ಕಿಕೊಂಡ ತೋಳು ಎಷ್ಟು ಎಳೆದರೂ ಬಾರದೆ ಇರುವುದು ಅವಳ ಬೆರಳಿಗೆ ಗೊತ್ತಿತ್ತು.

ಗಾಳಿಗೆ ಅದು ಬರಲಿಲ್ಲ. ಹೊಟ್ಟೆ ತೆರೆದರು. ಸತ್ತುಹೋಗಿದ್ದ ಕರುಳನ್ನು ನಾಲ್ಕು ಬೆರಳಿನಷ್ಟು ಕತ್ತರಿಸಿ ತೆಗೆದು, ಎರಡು ತುದಿ ಕೂಡಿಸಿ ಹೊಲಿದರು. ಮಗು ಉಳಿಯಿತು.

"ನಾಲ್ಕೈದು ಗಂಟೆ ಮೊದಲೇ ಕರ್ಕೊಂಡು ಬಂದಿದ್ರೆ," ಎಂದು ಶುರು ಮಾಡಿದ ಡಾಕ್ಟರಮ್ಮ ತಾಯಿಯ ಮುಖ ನೋಡಿ ಮಾತು ಅಲ್ಲಿಗೇ ಬಿಟ್ಟರು.

*

ಹತ್ತನೇ ದಿನ ಮನೆಗೆ ಬಂದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಅತ್ತೆ ಎರಡು ಹೊತ್ತೂ ಊಟ ಕಟ್ಟಿ ಕಳಿಸಿದ್ದರು, ಬಿಸಿ ಆರದಂತೆ ಟವೆಲು ಸುತ್ತಿ. ಸೊಸೆಯ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಕಳಿಸಿದ್ದರು. ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ಆದರೆ ಆಸ್ಪತ್ರೆಗೆ ಸೇರಿಸಿದ ಮರುದಿನದಿಂದಲೇ ಅಂಗಡಿಗೆ ಬಂದವರೆಲ್ಲ ಮಗುವಿನ ವಿಚಾರ ಕೇಳುತ್ತಿದ್ದರು, ಅತ್ತೆ ಹೇಳುತ್ತಿದ್ದರು.

"ಏನು ಮಾಡೋದು, ಈಗಿನ ಕಾಲದ ತಾಯಂದ್ರು. ಮಗು ಬೆಳಗ್ಗೆಯಿಂದ ಅತ್ತರೂ ಇಸ್ತ್ರಿ ಬಿಟ್ಟು ಏಳಲಿಲ್ಲ. ಎರಡು ಗಂಟೆಗೆ ಎದ್ದಳು."

ಪರದೆ ತೆಳ್ಳಗಿತ್ತು, ಮನೆಗೆ ಮರಳಿದ ಸೊಸೆಗೆ ಎಲ್ಲ ಕೇಳಿಸುತ್ತದೆಂದು ಅತ್ತೆಗೂ ಗೊತ್ತಿತ್ತು.

ಸೊಸೆ ಎದುರಾಡಲಿಲ್ಲ. ತಾನು ಹೋದದ್ದು ನಿಜವಲ್ಲವೇ? ಅನ್ನ ಕಲಸಿ ಹಾಗೇ ಬಿಡುತ್ತಿದ್ದಳು. ಮಗುವಿನ ಹೊಟ್ಟೆಯ ಮೇಲಿನ ಗಾಯದ ಗೆರೆ ನೋಡಿದಾಗಲೆಲ್ಲ ಅದನ್ನು ತಾನೇ ಎಳೆದಂತೆ ಅನಿಸುತ್ತಿತ್ತು. ಮಾವ ಮಾತ್ರ ದಿನಾ ಸಂಜೆ ಒಂದು ಕಿತ್ತಳೆ ಸುಲಿದು, ನಾರು ಬಿಡಿಸಿ, ಅವಳ ಮೇಜಿನ ಮೂಲೆಯಲ್ಲಿಟ್ಟು ಹೋಗುತ್ತಿದ್ದರು.

ಮನೆಗೆ ಬಂದ ಐದನೇ ದಿನ ಅವಳು ಮಗುವಿನ ಬಟ್ಟೆಗಳನ್ನು ಮಡಚುತ್ತಿದ್ದಳು. ಆಸ್ಪತ್ರೆಗೆ ಹೋಗುವ ಮುಂಚಿನ ರಾಶಿ, ಬುಟ್ಟಿಯ ತಳದಲ್ಲಿ ಹಾಗೇ ಉಳಿದಿತ್ತು. ಪುಟ್ಟಿಗೆ ಕಟ್ಟುವ ಬಿಳಿಯ ಬಟ್ಟೆಯೊಂದರ ಮೂಲೆ ಬೆರಳಿಗೆ ಗಟ್ಟಿಯಾಗಿ ತಾಕಿತು. ತಿರುಗಿಸಿ ನೋಡಿದಳು. ನೀಲಿ ದಾರ. ಬಿಗಿಯಾದ, ಪುಟ್ಟ, ಅಚ್ಚುಕಟ್ಟಾದ ಗಂಟು.

ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದಳು. ಕಲೆ ಇರಲಿಲ್ಲ. ಕಲೆ ಡಾಕ್ಟ್ರು ತೊಳೆದ ಬಟ್ಟೆ, ಕಲೆ ಹೇಗಿದ್ದೀತು?

ಅತ್ತೆ ಅದನ್ನು ಬೇಕೆಂದು ಕಟ್ಟಿರಲಾರರು, ಕೈ ಕಟ್ಟಿತ್ತು. ಬಾಯಿ ಮಾಮೂಲು ಎಂದು ಹೇಳುವ ಮುಂಚೆಯೇ ಕೈ ನಿಜ ಹೇಳಿ ಮುಗಿಸಿತ್ತು. ಆ ಮಂಗಳವಾರದ ಮಧ್ಯಾಹ್ನ ಅತ್ತೆ ಕೆಂಪು ಕಂಡಿದ್ದರು, ಅದು ರಕ್ತವೆಂದು ತಿಳಿದಿದ್ದರು, ತಣ್ಣೀರಿನಲ್ಲಿ ಉಪ್ಪು ಹಾಕಿ ತೊಳೆದಿದ್ದರು. ಆಮೇಲೆ ಹದಿನೈದು ದಿನ, ಬಂದವರಿಗೆಲ್ಲ ಸೊಸೆಯ ಇಸ್ತ್ರಿಯ ಕಥೆ ಹೇಳಿದ್ದರು.

ಹೊಟ್ಟೆಯೊಳಗಿನ ತಪ್ಪಿನ ಭಾರ ಒಂದೇ ಸಲಕ್ಕೆ ಇಳಿಯಿತು. ಆ ಜಾಗದಲ್ಲಿ ಬೇರೊಂದು ಬಂದು ಕೂತಿತು, ಅದು ಅಷ್ಟೇ ಭಾರವಿತ್ತು, ಆದರೆ ಹಿತವಾಗಿತ್ತು.

ಮೂರು ದಿನ ಅವಳು ಯಾರಿಗೂ ಹೇಳಲಿಲ್ಲ. ಮಗುವಿನ ತೊಟ್ಟಿಲನ್ನು ಒಳಗಿನಿಂದ ತಂದು ಇಸ್ತ್ರಿ ಮೇಜಿನ ಪಕ್ಕ ಇಟ್ಟುಕೊಂಡಳು.

"ಇಲ್ಲಿ ಶಾಖ ಕಣೇ," ಎಂದರು ಅತ್ತೆ, ಎರಡು ಕೈ ಚಾಚಿಕೊಂಡು. "ಕೊಡು ಇಲ್ಲಿ."

"ಡಾಕ್ಟ್ರು ನನ್ನ ಕಣ್ಮುಂದೆ ಇರಲಿ ಅಂದಿದಾರೆ."

"ಹಾಗಂದ್ರಾ?"

"ಹಾಗೇ ಅಂದ್ರು."

ಡಾಕ್ಟರು ಹಾಗೆ ಅಂದಿರಲಿಲ್ಲ. ಅತ್ತೆಯ ಕೈ ಚಾಚಿದಂತೆಯೇ ಸ್ವಲ್ಪ ಹೊತ್ತು ಇದ್ದು, ಆಮೇಲೆ ಸೆರಗು ಸರಿಮಾಡಿಕೊಂಡಿತು. ನೋಡಿ ಸೊಸೆಗೆ ಖುಷಿಯಾಯಿತು.

*

ನಾಲ್ಕನೇ ದಿನ ಭಾನುವಾರ. ಅಂಗಡಿಗೆ ರಜ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಯಿಸಿದ ಮೊಟ್ಟೆ, ಆಲೂಗಡ್ಡೆ. ಸೊಸೆ ಎಲ್ಲರಿಗೂ ಬಡಿಸಿ ಮುಗಿಸಿ, ಮಡಚಿದ ಬಟ್ಟೆಯೊಂದನ್ನು ಅತ್ತೆಯ ತಟ್ಟೆಯ ಪಕ್ಕ ಇಟ್ಟಳು, ಗಂಟು ಮೇಲೆ ಕಾಣುವ ಹಾಗೆ.

"ಅತ್ತೆ, ಇದಕ್ಕೆ ಯಾಕೆ ನೀಲಿ ಕಟ್ಟಿದೀರಿ?"

ಬಾಯಿಗೆ ಹೋಗುತ್ತಿದ್ದ ಅತ್ತೆಯ ತುತ್ತು ನಿಂತಿತು. ಆ ಮನೆಯಲ್ಲಿ ನೀಲಿಯ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡ ಬಟ್ಟೆ ನೋಡಿದ, ತಾಯಿಯನ್ನು ನೋಡಿದ.

"ಯಾವುದೋ ಗಿರಾಕಿದು ಸೇರ್ಕೊಂಡಿರಬೇಕು," ಎಂದರು ಅತ್ತೆ.

"ಗಿರಾಕಿಗಳು ನಮ್ಮ ಪುಟ್ಟಿಯ ಬಟ್ಟೆ ಕಟ್ಕೋತಾರಾ? ನನ್ನ ಹಳೇ ಸೀರೆ ಹರಿದು ನಾನೇ ಅಂಚು ಹೊಲಿದದ್ದು ಇದು."

"ಹಾಗಾದ್ರೆ ಕೈತಪ್ಪಿ ಕಟ್ಟಿದೀನಿ."

"ನಲವತ್ತು ವರ್ಷದಲ್ಲಿ ಎಷ್ಟು ಸಲ ಕೈ ತಪ್ಪಿದೆ ಅತ್ತೆ?"

"ಅತ್ತಿಗೆ, ಊಟ ಮಾಡೋ ಹೊತ್ತಲ್ಲಿ ಇದೇನು ಕೋರ್ಟು?" ಎಂದಳು ನಾದಿನಿ.

"ನೀನು ಆವತ್ತು ಮನೇಲಿರಲಿಲ್ಲ. ಸುಮ್ನಿರು."

"ಇರದಿದ್ರೆ ಏನಾಯ್ತು, ನಮ್ಮಮ್ಮ ಮಗುಗೆ ಕೆಟ್ಟದ್ದು ಬಯಸ್ತಾಳಾ?"

"ಬಯಸಿದ್ರು ಅಂತ ನಾನು ಹೇಳಲಿಲ್ಲ. ನೋಡಿದ್ರು ಅಂತ ಹೇಳ್ತಿದೀನಿ."

ಮಾವ ಅಷ್ಟೂ ಹೊತ್ತು ಒಬ್ಬೊಬ್ಬರ ತುಟಿ ನೋಡುತ್ತಾ ಕೂತಿದ್ದವರು ಕೈ ಚಾಚಿ ಬಟ್ಟೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಗಂಟನ್ನು ಸವರಿದರು.

"ಇದು ಆವತ್ತು ನನ್ನ ಕೈಗೆ ಬಂದಿತ್ತು," ಎಂದರು. ಕಿವಿ ಕೇಳದವರ ಗಟ್ಟಿ ದನಿ. "ಹೋಟೆಲಿನ ಬೆಡ್‌ಶೀಟು ಒಗೀತಿದ್ದೆ. ಮಗೂ ಬಟ್ಟೆಗಳ ಜೊತೆ ಬಿಸಿಗೆ ಹಾಕೋಕೆ ಹೋದೆ. ನೀಲಿ ಕಂಡೆ. ಬೇರೆ ತೆಗೆದು ಒಣಗಿಹಾಕಿದೆ. ಯಾಕೆ ಅಂತ ಕೇಳಲಿಲ್ಲ. ಕೇಳಿದ್ರೂ ಇವಳ ಉತ್ತರ ನನಗೆಲ್ಲಿ ಕೇಳಿಸ್ತಿತ್ತು."

ಮಾವ ಬಟ್ಟೆಯನ್ನು ಮೊದಲಿದ್ದಂತೆಯೇ ಮಡಚಿ ಇಟ್ಟರು.

"ಅಮ್ಮ?" ಎಂದ ಮಗ.

ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು. ಹಿತ್ತಲಿನ ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಒಂದು ತಟ್ಟೆ ತೊಳೆಯಲು ಅಷ್ಟು ನೀರು ಬೇಕಾಗಿರಲಿಲ್ಲ.

ಆಮೇಲೆ ಗಂಡ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತ. "ಆಗಿದ್ದು ಆಗೋಯ್ತು. ಪುಟ್ಟಿ ಈಗ ಚೆನ್ನಾಗಿದಾಳಲ್ಲ. ಬಿಟ್ಟುಬಿಡೇ."

"ರೀ, ನಿಮ್ಮಮ್ಮ ನನ್ನನ್ನ ಹದಿನೈದು ದಿನ ಬಿಟ್ರಾ? ಅಂಗಡಿಗೆ ಬಂದ ಪ್ರತಿಯೊಬ್ಬರ ಮುಂದೆ ನನ್ನನ್ನ ಒಗೆದು, ಹಿಂಡಿ, ಒಣಗಿಹಾಕಿದ್ರು. ಆಗ ನೀವು ಬಿಡಮ್ಮ ಅಂದ್ರಾ?"

"ನಾನು ಗಾಡಿ ಮೇಲಿರ್ತೀನಿ, ನನಗೆಲ್ಲಿ ಗೊತ್ತಾಗುತ್ತೆ?"

"ಈಗ ಗೊತ್ತಾಯ್ತಲ್ಲ."

"ಅಮ್ಮನ್ನ ಮನೆಯಿಂದ ಕಳಿಸು ಅಂತೀಯಾ?"

ಸೊಸೆ ಯೋಚನೆ ಮಾಡಿದಳು. ಆ ಆಸೆ ಮೂರು ದಿನದಿಂದ ಅವಳಿಗಿತ್ತು. "ಬೇಡ. ಕಳಿಸಿದ್ರೆ ಅವರು ಹೋದ ಕಡೆ ನನ್ನ ಕಥೆ ಹೇಳ್ಕೊಂಡು ಸುಖವಾಗಿರ್ತಾರೆ. ಬುಧವಾರ ಪುಟ್ಟಿನ ಡಾಕ್ಟ್ರಿಗೆ ತೋರಿಸ್ಬೇಕು. ಅತ್ತೆ ಬರಲಿ. ಅಷ್ಟೇ ಸಾಕು."

*

ಬುಧವಾರ ಅತ್ತೆ ಒಳ್ಳೆಯ ಸೀರೆಯುಟ್ಟು ಗಾಡಿ ಹತ್ತಿದರು. ಗುಂಡಿಯಲ್ಲಿ ಗಾಡಿ ಎಗರಿದಾಗ ಮಗುವಿನ ತಲೆ ಬಡಿಯದಿರಲೆಂದು ಅವರ ಕೈ ತಾನಾಗಿ ಮುಂದೆ ಬಂತು. ಸೊಸೆ ಮಗುವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡಳು.

ಡಾಕ್ಟರಮ್ಮ ಗಾಯ ನೋಡಿ ಸಂತೋಷಪಟ್ಟರು. ಮಗುವಿನ ಹಿಮ್ಮಡಿಗೆ ಕಚಗುಳಿ ಇಟ್ಟರು. ಎಲ್ಲ ಮುಗಿದ ಮೇಲೆ ಸೊಸೆ ಕೇಳಿದಳು:

"ಡಾಕ್ಟ್ರೇ, ಆವತ್ತು ನಾವು ಮಧ್ಯಾಹ್ನ ಒಂದು ಗಂಟೆಗೇ ಬಂದಿದ್ರೆ ಏನಾಗ್ತಿತ್ತು?"

"ಈಗ ಅದೆಲ್ಲ ಯಾಕೆ?"

"ಹೇಳಿ. ನನಗಲ್ಲ, ಇವರಿಗೆ."

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. ಇಂಥ ಜೋಡಿಗಳನ್ನು ಆ ಕುರ್ಚಿಗಳಲ್ಲಿ ಬಹಳ ನೋಡಿದ್ದರೆಂದು ಕಾಣುತ್ತದೆ. "ಬಹುಶಃ ಗಾಳಿಯಲ್ಲೇ ಸರಿಹೋಗ್ತಿತ್ತು. ಖಂಡಿತ ಅಂತ ಹೇಳಕ್ಕಾಗಲ್ಲ."

"ಹೊಟ್ಟೆ ಕೊಯ್ಯೋದು?"

"ತಪ್ಪಬಹುದಿತ್ತು."

"ಅತ್ತೆ, ಕೇಳಿಸ್ತಾ? ಈಗ ನೀವು ಹೇಳಿ. ಎಷ್ಟು ಹೊತ್ತಿಗೆ ನೋಡಿದ್ರಿ?"

ಅತ್ತೆ ಮಣಿಕಟ್ಟಿನ ದಾರಗಳನ್ನು ಬೆರಳಿನಿಂದ ಸುತ್ತಿಸುತ್ತಾ ಕೂತಿದ್ದರು. ಹೊರಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. "ಹನ್ನೆರಡೂವರೆಗೆ," ಎಂದರು. "ಕೆಂಪಗೆ, ಲೋಳೆ ಲೋಳೆಯಾಗಿತ್ತು. ಬೆಳಗ್ಗೆ ಇವಳ ಮುಂದೆ ಹಲ್ಲು ಅಂದುಬಿಟ್ಟಿದ್ದೆ. ಮಧ್ಯಾಹ್ನ ಅಲ್ಲ ಅನ್ನೋದು ಹೇಗೆ? ಮುಂದಿನ ಬಟ್ಟೆ ಚೆನ್ನಾಗಿ ಬಂದ್ರೆ ಹೇಳೋದೇ ಬೇಡ ಅಂದ್ಕೊಂಡೆ."

"ಮುಂದಿನದು ಬಂತಾ?"

"ಬರಲಿಲ್ಲ. ಏನೂ ಬರಲಿಲ್ಲ."

ಸೊಸೆ ಕಾದಿದ್ದದ್ದು ಇದಕ್ಕೇ. ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡಳು. ಆದರೆ ಡಾಕ್ಟರಮ್ಮ ಬೈಯಲಿಲ್ಲ. ಕಡತದಲ್ಲಿ ಆ ಹೊತ್ತು ಬರೆದುಕೊಂಡು, ಒಂದು ಲೋಟ ನೀರನ್ನು ಅತ್ತೆಯ ಕಡೆ ಸರಿಸಿದರು. ಅದು ಸೊಸೆಗೆ ಅಷ್ಟು ಹಿಡಿಸಲಿಲ್ಲ.

"ಮುಂದೆ ಎಚ್ಚರವಾಗಿರಬೇಕು," ಎಂದರು ಡಾಕ್ಟರಮ್ಮ. "ಹೊಲಿದ ಕಡೆ ಕರುಳು ಅಂಟಿಕೊಂಡು ಮತ್ತೆ ಕಟ್ಟಿಕೊಳ್ಳೋದು ಅಪರೂಪಕ್ಕೆ ಇರುತ್ತೆ. ಹಸಿರು ವಾಂತಿ, ಹೊಟ್ಟೆ ಉಬ್ಬರ, ಬಿಟ್ಟು ಬಿಟ್ಟು ಅಳು, ಮಲದಲ್ಲಿ ರಕ್ತ, ಯಾವುದು ಕಂಡ್ರೂ ತಕ್ಷಣ ಬನ್ನಿ. ಮಗುವಿನ ಬಟ್ಟೆ ಯಾರು ತೊಳೀತೀರ?"

"ನಾನು," ಎಂದರು ಅತ್ತೆ.

"ಹಾಗಾದ್ರೆ ಮೊದಲು ಕಾಣೋದು ನಿಮಗೆ. ಏನಾದ್ರೂ ಬೇರೆ ತರ ಕಂಡ್ರೆ ಇವರಿಗೆ ತೋರಿಸಿ."

"ಬೇರೆ ತರ ಕಂಡ್ರೆ ಅಲ್ಲ," ಎಂದಳು ಸೊಸೆ. "ಪ್ರತಿಯೊಂದೂ. ತೊಳೆಯೋಕೆ ಮುಂಚೆ, ನನ್ನ ಮೇಜಿಗೆ ತಂದು."

*

ಮರುದಿನದಿಂದ ಅದು ಶುರುವಾಯಿತು.

ಪುಟ್ಟಿ ಬಟ್ಟೆ ಕೆಡಿಸಿದಾಗಲೆಲ್ಲ ಅತ್ತೆ ಮಗುವನ್ನು ಒಳಗೆ ಒಯ್ದು ಬದಲಿಸಿ, ಕೆಡಿಸಿದ್ದನ್ನು ಎರಡು ಕೈಯಲ್ಲಿ ಹಿಡಿದು ಪರದೆ ಸರಿಸಿಕೊಂಡು ಅಂಗಡಿಗೆ ಬರಬೇಕು. ಗಿರಾಕಿಗಳಿದ್ದರೂ ಬರಬೇಕು. ಸೊಸೆ ಇಸ್ತ್ರಿ ನಿಲ್ಲಿಸಿ ನೋಡಿ "ಹ್ಞೂ, ತೊಳೀರಿ" ಎನ್ನಬೇಕು. ಆಮೇಲೆಯೇ ನಲ್ಲಿ.

ಮೊದಲ ದಿನ ಅಂಗಡಿಯಲ್ಲಿ ಮೇಷ್ಟ್ರೊಬ್ಬರಿದ್ದರು, ಹದಿನೈದು ವರ್ಷದ ಗಿರಾಕಿ. ಕಲೆ ಡಾಕ್ಟ್ರು ಎಂಬ ಹೆಸರಿಟ್ಟವರೇ ಅವರು. ತಮ್ಮ ಅಂಗಿಯ ಕಲೆ ತೋರಿಸಲು ಬಂದಿದ್ದ ಅವರ ಮುಂದೆಯೇ ಅತ್ತೆ ಮೊಮ್ಮಗಳ ಬಟ್ಟೆ ಹಿಡಿದು ಸೊಸೆಯ ಅಪ್ಪಣೆಗೆ ನಿಂತರು. ಮೇಷ್ಟ್ರು ಸಟಕ್ಕನೆ ಮುಖ ತಿರುಗಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ತಾರೀಖು ಹುಡುಕತೊಡಗಿದರು. ತಿಂಗಳು ಮುಗಿದಿದ್ದರೂ ಯಾರೂ ಹರಿಯದ ಹಾಳೆ ಅದು.

"ಇದೇನಮ್ಮಾ ಇದು?" ಎಂದು ಅತ್ತ ತಿರುಗಿಕೊಂಡೇ ಕೇಳಿದರು.

"ಆವತ್ತು ಅತ್ತೆ ರಕ್ತ ನೋಡಿ ಮುಚ್ಚಿಟ್ರು ಮೇಷ್ಟ್ರೇ. ಅದಕ್ಕೆ ಈಗ ತೋರಿಸ್ತಾರೆ," ಎಂದಳು ಸೊಸೆ. ದನಿ ಏರಿಸಲಿಲ್ಲ. ಹವಾಮಾನ ಹೇಳಿದಂತೆ ಹೇಳಿದಳು. ಮೇಷ್ಟ್ರಿಗೆ ಹೇಳಿದರೆ ಬೀದಿಗೆ ಹೇಳಿದಂತೆ ಎಂದು ಅವಳಿಗೆ ಗೊತ್ತಿತ್ತು.

ಆ ಮಧ್ಯಾಹ್ನ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ದಿನಕ್ಕೆ ಮೂರು ಸಲ, ನಾಲ್ಕು ಸಲ. ಒಂದು ವಾರ, ಎರಡು ವಾರ. ಅತ್ತೆ ಅಂಗಡಿಯಲ್ಲಿ ಮಾತು ಕಡಿಮೆ ಮಾಡಿದರು. ಕಲೆ ತಂದವರಿಗೆ "ಎಲ್ಲಿ ಬಚ್ಚಿಟ್ಟಿದ್ರಿ" ಎಂದು ಕೇಳುವುದನ್ನಂತೂ ಬಿಟ್ಟೇಬಿಟ್ಟರು.

"ಅತ್ತಿಗೆ, ನಮ್ಮಮ್ಮನಿಗೆ ಎಷ್ಟು ವರ್ಷ ಶಿಕ್ಷೆ?" ಎಂದಳು ನಾದಿನಿ ಒಂದು ಸಂಜೆ, ಚಪ್ಪಲಿ ಬಿಡುತ್ತಾ. "ಜೈಲಾದ್ರೆ ಕೊನೇ ಪಕ್ಷ ಬಿಡುಗಡೆ ಯಾವಾಗ ಅಂತ ಮೊದಲೇ ಹೇಳಿರ್ತಾರೆ."

"ಪುಟ್ಟಿ ತಾನಾಗಿ ಬಚ್ಚಲಿಗೆ ಹೋಗೋವರೆಗೆ."

"ಅದಕ್ಕೆ ಇನ್ನೂ ಎರಡು ವರ್ಷ."

"ಲೆಕ್ಕ ಚೆನ್ನಾಗಿದೆ ನಿನಗೆ."

"ಕಣ್ಣಿನ ನಂಬರು ನೋಡೋಳು ನಾನು," ಎಂದಳು ನಾದಿನಿ. "ನಿಮಗೆ ಹತ್ತಿರದ್ದು ಕಾಣ್ತಿಲ್ಲ."

ಮೂರನೇ ವಾರದಲ್ಲಿ ಏನೋ ಬದಲಾಯಿತು. ಅತ್ತೆ ಹೊತ್ತು ನೋಡಿ ಬರತೊಡಗಿದರು. ಸೊಸೆ ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಡುವಾಗ ಪಕ್ಕದಲ್ಲಿ ನಿಂತು, "ನೋಡು." ಸೊಸೆ ಸ್ನಾನಕ್ಕೆ ಹೋಗಿ ತಲೆಗೆ ಸೋಪು ಹಚ್ಚಿಕೊಂಡಿರುವಾಗ ಬಚ್ಚಲ ಬಾಗಿಲು ತಟ್ಟಿ, "ಬಾಗಿಲು ತೆಗಿ, ನೋಡು." ಸೊಸೆಯ ತಾಯಿ ಮಗಳನ್ನು ನೋಡಲು ಬಂದು, ಹೊಸ ಸೀರೆಯಲ್ಲಿ ಕೂತು ಚಹಾ 'ಚೆನ್ನಾಗಿದೆ' ಎನ್ನುತ್ತಿರುವಾಗ ಇಬ್ಬರ ನಡುವೆ ಬಂದು, "ನೋಡು."

"ಆಮೇಲೆ ನೋಡ್ತೀನಿ ಅತ್ತೆ, ಅಲ್ಲಿಡಿ."

"ಆಮೇಲೆ ಅನ್ನಬಾರದು. ತಕ್ಷಣ ಅಂದಿದಾರೆ ಡಾಕ್ಟ್ರು."

ಸೊಸೆಯ ತಾಯಿ ಲೋಟ ಕೆಳಗಿಟ್ಟರು. ಮಾವ ಆ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲ, ನಗುವೆಂದು ಮನೆಯವರೆಲ್ಲರಿಗೂ ಗೊತ್ತಾಯಿತು.

ಸೊಸೆಗೆ ಕೋಪ ಬಂತು, ಆದರೆ ಏನು ಹೇಳುವುದು? ತಾನೇ ಹೇಳಿದ ಮಾತು. ಕೈ ತೊಳೆದು ಬಂದು ನೋಡುತ್ತಿದ್ದಳು. ಆ ಬೀದಿಯಲ್ಲೇ ಅಷ್ಟು ಕಾವಲಿದ್ದ ಮಗು ಇನ್ನೊಂದಿರಲಿಲ್ಲ. ಪುಟ್ಟಿ ಮಾತ್ರ ಎರಡು ಕಡೆಯೂ ಕೈ ಬಡಿದು ನಗುತ್ತಿತ್ತು. ಮೈ ತುಂಬಿಕೊಳ್ಳುತ್ತಿತ್ತು, ತೊಟ್ಟಿಲು ಹಿಡಿದು ಎದ್ದು ನಿಲ್ಲಲು ಕಲಿತಿತ್ತು.

"ಸಾಕು ಮಾಡೇ," ಎಂದ ಗಂಡ. "ನೀನೂ ಸೋತಿದೀಯ."

"ಅವರು ಸಾಕು ಅನ್ನಲಿ."

"ಅಮ್ಮನ್ನ ಕೇಳಿದ್ರೆ ಅವಳು ಅನ್ನಲಿ ಅಂತಾಳೆ."

ಒಂದು ಶನಿವಾರ ಸಂಜೆ ಅಂಗಡಿ ತುಂಬಿತ್ತು. ಯಾವುದೋ ಶಾಲೆಯ ಐವತ್ತು ಸಮವಸ್ತ್ರ ಒಟ್ಟಿಗೆ ಬಂದಿದ್ದವು. ಹಿಂದಿನ ಎರಡು ದಿನ ಪುಟ್ಟಿಗೆ ಸ್ವಲ್ಪ ಜ್ವರವಿತ್ತು, ಸೊಸೆಗೆ ನಿದ್ದೆಯಿರಲಿಲ್ಲ. ಎದುರಿನ ಬೆಂಚಿನ ಮೇಲೆ ಮೇಷ್ಟ್ರು, ಇನ್ನಿಬ್ಬರು ಹೆಂಗಸರು ಕಾಯುತ್ತಿದ್ದರು. ಪರದೆ ಸರಿಯಿತು. ಅತ್ತೆ ಮಡಚಿದ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬಂದು ನಿಂತರು.

"ನೋಡು."

"ಹ್ಞೂ, ತೊಳೀರಿ," ಎಂದಳು ಸೊಸೆ, ಕಾಲರಿನ ಮೇಲಿಂದ ಕಣ್ಣೆತ್ತದೆ.

ಅತ್ತೆ ಹೋಗಲಿಲ್ಲ.

"ನೋಡ್ಲಿಲ್ಲ ನೀನು."

"ನೋಡಿದೆ ಅತ್ತೆ."

"ಏನಿತ್ತು?"

"ಏನಿರುತ್ತೆ? ದಿನಾ ಇರೋದೇ. ಚೆನ್ನಾಗಿತ್ತು. ತೊಳೀರಿ ಹೋಗಿ."

ಅತ್ತೆ ಬಟ್ಟೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಒಂದೊಂದೇ ಮಡಿಕೆ ಬಿಡಿಸಿದರು. ಬೆಳ್ಳಗಿತ್ತು. ಒಗೆದು, ಒಣಗಿ, ಇನ್ನೂ ಬಿಸಿಲಿನ ಗರಿಗರಿ ಆರದ ಬಟ್ಟೆ. ಯಾರೂ ಕಟ್ಟಿಕೊಂಡಿರದ ಬಟ್ಟೆ.

"ಈಗ ತಾನೇ ಹಗ್ಗದಿಂದ ತೆಗೆದದ್ದು," ಎಂದರು. ಅವರೂ ದನಿ ಏರಿಸಲಿಲ್ಲ. ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟೇ ಇತ್ತು.

ಬೆಂಚಿನ ಮೇಲಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ಕ್ಯಾಲೆಂಡರಿನ ಕಡೆ ತಿರುಗಲು ಈ ಸಲ ಹೊತ್ತು ಸಿಗಲಿಲ್ಲ. ಸೊಸೆಯ ಕಿವಿ ಸುಡತೊಡಗಿತು. ನಿದ್ದೆಯಿಲ್ಲ ಎನ್ನಬಹುದಿತ್ತು, ಐವತ್ತು ಅಂಗಿ ಎನ್ನಬಹುದಿತ್ತು, ಮಗುವಿಗೆ ಜ್ವರ ಬಿಟ್ಟಿದೆ ಎನ್ನಬಹುದಿತ್ತು. ಯಾವುದೂ ಬಾಯಿಂದ ಹೊರಡಲಿಲ್ಲ. ಹನ್ನೆರಡೂವರೆಗೂ ಎರಡು ಗಂಟೆಗೂ ನಡುವೆ ಆವತ್ತು ಅತ್ತೆಗೂ ಹೀಗೇ ಯಾವುದೂ ಹೊರಟಿರಲಿಕ್ಕಿಲ್ಲ ಎಂಬುದು ತಲೆಗೆ ಬಂತು. ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಹಿಂದಿನಿಂದ ಮಾವ ಬಂದು, ಅಂಗಿಯ ಮೇಲೆ ಮರೆತುಹೋಗಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು.

ಅತ್ತೆ ಬಟ್ಟೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ತೊಟ್ಟಿಲ ಅಂಚಿಗೆ ಹಾಕಿದರು. ಪುಟ್ಟಿ ಅವರ ಸೆರಗು ಹಿಡಿದು ಎಳೆಯಿತು. ಅವರು ಬಗ್ಗಲಿಲ್ಲ, ಸೆರಗನ್ನೂ ಬಿಡಿಸಿಕೊಳ್ಳಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಾ ನಿಂತರು.

"ಇನ್ನು ತೋರಿಸೋದು ಬೇಡ ಅಂತೀಯಾ?"

ಸೊಸೆ ತುಟಿ ಒದ್ದೆ ಮಾಡಿಕೊಂಡಳು. ಹ್ಞೂ ಎಂದರೆ ಸಾಕಿತ್ತು. ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದ ಮಾತು ಅದು.

"ಮುಂದಿನದು ತನ್ನಿ," ಎಂದಳು. "ನೋಡ್ತೀನಿ."

"ತರ್ತೀನಿ," ಎಂದರು ಅತ್ತೆ.